‘ಆದಿಮ ಮೀನು’ ಎಂಬ ಪ್ರಯೋಗವನ್ನು ಕುರಿತು

ಮೀನುಗಳ ಸಂತಾನೋತ್ಪತ್ತಿಯನ್ನು ಮಿದುಳು ಆಳುವ ಬಗೆಯನ್ನು ವಿವರಿಸುವ ಪಠ್ಯಗ್ರಂಥಗಳು ಸಾಮಾನ್ಯವಾಗಿ ಒಂದು ಏಣಿಯನ್ನು ನಿಲ್ಲಿಸುತ್ತವೆ: ಕೆಳಗೆ ದವಡೆಯಿಲ್ಲದ ಲ್ಯಾಂಪ್ರೇ, ಅದರ ಮೇಲೆ ಸ್ಟರ್ಜನ್, ಇನ್ನೂ ಮೇಲೆ ರೋಹು, ತುದಿಯಲ್ಲಿ ಸಸ್ತನಿ. ಈ ಏಣಿಯು ಪರೀಕ್ಷೆಗೆ ನಿಲ್ಲುವುದಿಲ್ಲ.

ಹೈಪೊಥಲಮಸ್ಸಿನಲ್ಲಿ ಹುಟ್ಟುವ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಪಿಟ್ಯುಟರಿ ಗ್ರಂಥಿಯ ಗ್ರಾಹಕಗಳನ್ನು ಮುಟ್ಟಿದ ಮೇಲೆಯೇ ಅಂಡಾಶಯಕ್ಕೆ ಅಪ್ಪಣೆ ಹೊರಡುವುದು. ಲ್ಯಾಂಪ್ರೇಯಲ್ಲಿ ಅದು ಅಂಗಾಂಶದ ಮೂಲಕ ಒಸರಿ ಗ್ರಂಥಿಯನ್ನು ಸೇರುತ್ತದೆ. ‘ಹಳೆಯ’ ಸ್ಟರ್ಜನ್‌ಗೆ ಸಸ್ತನಿಗಳಂತೆ ಇದಕ್ಕೆಂದೇ ರಕ್ತನಾಳಗಳುಂಟು; ‘ಹೊಸ’ ರೋಹುವಿನಲ್ಲಿ ಅವಿಲ್ಲ, ನರತಂತುಗಳೇ ಗ್ರಂಥಿಯೊಳಕ್ಕೆ ಇಳಿಯುತ್ತವೆ. ಏಣಿಯ ಮೆಟ್ಟಿಲು ಇಲ್ಲಿಯೇ ಮುರಿಯಿತು. ಗ್ರಾಹಕವನ್ನು ನೋಡಿದರೂ ಹಾಗೆಯೇ. 2005ರಲ್ಲಿ ವರ್ಣಿತವಾದ ಲ್ಯಾಂಪ್ರೇಯ ಗ್ರಾಹಕಕ್ಕೆ ಕೋಶದೊಳಗೆ ಚಾಚಿದ ಉದ್ದನೆಯ ಬಾಲವಿದೆ. ಮನುಷ್ಯನ ಗ್ರಾಹಕವು ಅದನ್ನು ಕಳೆದುಕೊಂಡಿದೆ. ಲ್ಯಾಂಪ್ರೇಯಲ್ಲಿ ಈ ಹಾರ್ಮೋನಿನ ಮೂರು ರೂಪಗಳಿವೆ. ಇದನ್ನು ಬಡತನವೆನ್ನಲಾಗದು.

ಪದದ ಜಗಳವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಲ್ಯಾಂಪ್ರೇ ನಮ್ಮ ನೀರಿನ ಮೀನಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸೀಮೆಯಲ್ಲಿ ಆದಿಮವೆನ್ನಬಹುದಾದುದು ಹಾಸುಗಲ್ಲೊಂದೇ. ಮೀನುಗಳ ಉದಯಕ್ಕಿಂತ ಹಳೆಯದಾದ ಆ ಕಲ್ಲಿನಲ್ಲಿ ಮೀನಿನ ಪಳೆಯುಳಿಕೆಯನ್ನು ಹುಡುಕುವುದು ವ್ಯರ್ಥ. ಆದರೆ ನೀರು ತುಂಬಿದ ಕಲ್ಲುಗಣಿಯ ಹೊಂಡಕ್ಕಾಗಲಿ ಚಿಂಚೋಳಿಯ ಕೆರೆಗಾಗಲಿ ರೋಹುವನ್ನು ಬಿಟ್ಟವನ ಮುಂದೆ ಪ್ರಶ್ನೆಯೊಂದಿದೆ: ಹೊಟ್ಟೆಯ ತುಂಬ ಮೊಟ್ಟೆ ಬಲಿತರೂ ನಿಂತ ನೀರಿನಲ್ಲಿ ಅದು ಏಕೆ ಇಡುವುದಿಲ್ಲ? ಕಾಗಿಣೆಯಂಥ ನದಿಯ ಮುಂಗಾರು ನೆರೆ ಅದಕ್ಕೆ ಬೇಕು.

1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಳಿಕುಂಞಿಯವರು ಪಿಟ್ಯುಟರಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸಿದರು. ಸಾಧನೆ ದೊಡ್ಡದು. ಆದರೆ ಅದರಿಂದ ಗ್ರಂಥಿಯೇ ದುರ್ಬಲವೆಂಬ ಭಾವನೆ ಬೆಳೆದುದು ಸರಿಯಲ್ಲ. ಮಿದುಳಿನ ಡೋಪಮೈನು ಗ್ರಂಥಿಯಲ್ಲಿರುವ ತನ್ನ ಗ್ರಾಹಕಗಳ ಮೂಲಕ ಜಿಎನ್‌ಆರ್‌ಎಚ್‌ನ ಕರೆಯನ್ನು ಅಡಗಿಸುತ್ತದೆ. 1980ರ ದಶಕದಲ್ಲಿ ಕೆನಡದ ರಿಚರ್ಡ್ ಪೀಟರ್, ಚೀನದ ಲಿನ್ ಹಾವೊರಾನ್ ಅವರು ಆ ತಡೆಯನ್ನೇ ತೆಗೆದರು: ಜಿಎನ್‌ಆರ್‌ಎಚ್‌ನ ಕೃತಕ ರೂಪದೊಡನೆ ಡೊಂಪೆರಿಡೋನನ್ನು, ಅಂದರೆ ನಾವು ವಾಂತಿಗೆ ನುಂಗುವ ಔಷಧವನ್ನೇ, ಸೇರಿಸಿ ಕೊಟ್ಟರು. ಸಾರಕ್ಕಾಗಿ ಬೇರೆ ಮೀನುಗಳ ತಲೆ ಒಡೆಯುವ ಅಗತ್ಯ ಅಷ್ಟರಮಟ್ಟಿಗೆ ತಪ್ಪಿತು.

ಲ್ಯಾಂಪ್ರೇಯ ಚಿತ್ರವನ್ನು ಬಿಡಿಸಿ ಅಂಕ ಪಡೆಯುವ ಸೇಡಮಿನ ವಿದ್ಯಾರ್ಥಿಗೆ ಈ ತಡೆಯ ಸಂಗತಿ ತಿಳಿಯದಿದ್ದರೆ, ತನ್ನೂರ ಹೊಂಡದ ರೋಹು ಅವನಿಗೆ ಒಗಟಾಗಿಯೇ ಉಳಿಯುತ್ತದೆ.