ಕಣ್ಣು ಕೀಳಿಸಿಕೊಂಡ ಗಡಿಯಾರಗಾರ

ಯುರೋಪು ಸುತ್ತಿ ಬಂದ ನಮ್ಮವರ ಪ್ರವಾಸಕಥನಗಳಲ್ಲಿ ಈಚೆಗೆ ಒಂದು ಹೊಗಳಿಕೆ ಕಡ್ಡಾಯವಾಗಿದೆ: ಪ್ರಾಗ್ ಹಳೇಪೇಟೆಯ ‘ಫ್ರೀ ವಾಕಿಂಗ್ ಟೂರ್’. ಟಿಕೆಟ್ಟಿಲ್ಲ, ಕೊನೆಗೆ ಮನಸ್ಸಿಗೆ ಬಂದಷ್ಟು ಟಿಪ್ಸ್. ಗೈಡ್ ಚುರುಕು, ಕತೆ ರಸವತ್ತು. ಈ ಕೀರ್ತಿ ಅತಿಯಾಯಿತು. ಯಾನ್ ಹುಸ್, ಹಾಬ್ಸ್‌ಬರ್ಗ್ ಅರಸರು, 1968ರ ಟ್ಯಾಂಕುಗಳು, ಇವನ್ನೆಲ್ಲ ಟೂರು ಒಪ್ಪವಾಗಿಯೇ ಒಪ್ಪಿಸುತ್ತದೆ. ಆ ಮಾತು ಬಿಡೋಣ. ಪರೀಕ್ಷೆಗೆ ಒಂದೇ ಜಾಗ ಸಾಕು. ಪುರಭವನದ ಗೋಡೆಯ ಮೇಲಿನ ಖಗೋಳ ಗಡಿಯಾರ.

ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ತಂಡವನ್ನು ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ಕಾಯುವ ಹೊತ್ತಿನಲ್ಲಿ ಹನುಷ್‌ನ ಕತೆ: ಇಂಥ ಗಡಿಯಾರ ಇನ್ನೊಂದೂರಿಗೆ ಮಾಡಿಕೊಟ್ಟಾನೆಂದು ನಗರದ ಹಿರಿಯರು ಅವನ ಕಣ್ಣು ಕೀಳಿಸಿದರು, ಕುರುಡ ಯಂತ್ರದೊಳಗೆ ಕೈ ಹಾಕಿ ಅದನ್ನು ಕೆಡಿಸಿದ. ಗಂಟೆ ಹೊಡೆಯುತ್ತದೆ, ಅಸ್ಥಿಪಂಜರ ಗಂಟೆ ಜಗ್ಗುತ್ತದೆ, ಕಿಟಕಿಯಲ್ಲಿ ಅಪೊಸ್ತಲರು ಸರಿದುಹೋಗುತ್ತಾರೆ, ಮೊಬೈಲುಗಳು ಕೆಳಗಿಳಿಯುತ್ತವೆ. ಮುಂದಕ್ಕೆ.

ಗಡಿಯಾರ ಮಾಡಿದವನು ಹನುಷ್ ಅಲ್ಲ. 1410ರಲ್ಲಿ ಕಾದಾನ್ ಊರಿನ ಮಿಕುಲಾಶ್ ಮಾಡಿದ್ದು; ಲೆಕ್ಕಾಚಾರ ವಿಶ್ವವಿದ್ಯಾಲಯದ ಯಾನ್ ಶಿಂಡೆಲ್‌ನದೆಂದು ವಿದ್ವಾಂಸರ ಮತ. ಹನುಷ್ ಎಂಬ ಗಡಿಯಾರಗಾರ ಇದ್ದದ್ದು ನಿಜ, ಆದರೆ ಹೆಚ್ಚುಕಡಿಮೆ ಎಂಬತ್ತು ವರ್ಷ ಆಮೇಲೆ. ಜನ ಚಪ್ಪಾಳೆ ತಟ್ಟುವ ಅಪೊಸ್ತಲರೂ ಹಳಬರಲ್ಲ: 1945ರ ಮೇ ತಿಂಗಳ ಕಾಳಗದಲ್ಲಿ ಹಿಂದಿನ ಮರದ ಬೊಂಬೆಗಳು ಸುಟ್ಟುಹೋಗಿ, ಈಗಿನವು ಯುದ್ಧದ ನಂತರ ಕೆತ್ತಿದವು.

ಆರು ಶತಮಾನ ಹಳೆಯದಾದ ಅದ್ಭುತ ಕೆಳಗಿದೆ, ಮುಖಫಲಕದಲ್ಲಿ. ಹೊರಬಳೆಯ ಇಪ್ಪತ್ನಾಲ್ಕು ಅಂಕಿಗಳು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತವೆ. ಸೂರ್ಯಾಸ್ತ ದಿನದಿನಕ್ಕೆ ಜರುಗುವುದರಿಂದ ಬಳೆಯೇ ವರ್ಷವಿಡೀ ಹಿಂದೆಮುಂದೆ ಓಲಾಡುತ್ತದೆ. ಒಳಗಿನ ಬಾಗುಗೆರೆಗಳು ಹಗಲನ್ನು ಹನ್ನೆರಡು ಪಾಲು ಮಾಡುತ್ತವೆ, ಬೇಸಿಗೆಗೆ ಉದ್ದ, ಚಳಿಗಾಲಕ್ಕೆ ಗಿಡ್ಡ. ಅದೇ ಸೂರ್ಯ ರಾಶಿಚಕ್ರದ ಮೇಲೂ ನಡೆಯುತ್ತಾನೆ. ಪಂಚಾಂಗ ನೋಡಿ ಬೆಳೆದ ನಮ್ಮ ಕಡೆಯವರಿಗೆ ಐದು ನಿಮಿಷದಲ್ಲಿ ತಿಳಿಯುವ ವಿದ್ಯೆ. ನಾನು ಸೇರಿದ್ದ ತಂಡಕ್ಕೆ ಅದರ ಒಂದಕ್ಷರ ಸಿಗಲಿಲ್ಲ.

‘ಐತಿಹ್ಯಕ್ಕೆ ಶಾಸನದ ಸಾಕ್ಷಿ ಕೇಳಬಾರದು, ಅದು ಜನಪದ’ ಎನ್ನುವ ವಿಮರ್ಶಕರಿದ್ದಾರೆ. ಇದೇ ಜನ ಬೇಲೂರಿನಲ್ಲಿ ಜಕಣಾಚಾರಿಯ ಕತೆ ಎತ್ತಿದರೆ ಸಿಡುಕುತ್ತಾರೆ. ದಾಸೋಜ, ಚಾವಣ ಅಂತ ಶಿಲ್ಪಿಗಳು ತಾವೇ ಹೆಸರು ಕೊರೆದಿಟ್ಟಿರುವಾಗ ಕಟ್ಟುಕತೆ ಯಾಕೆ ಎಂದು ಪಾಠ ಹೇಳುತ್ತಾರೆ. ಪ್ರಾಗ್‌ಗೆ ಹೋದ ಕೂಡಲೇ ಹನುಷ್‌ಗಾಗಿ ಕಣ್ಣೊರೆಸಿಕೊಳ್ಳುತ್ತಾರೆ! ಅದು ಅಪ್ಪಟ ಜನಪದವೂ ಅಲ್ಲ. ಅದಕ್ಕೆ ಇಷ್ಟು ಪ್ರಚಾರ ಕೊಟ್ಟದ್ದು 1894ರಲ್ಲಿ ಅಲೋಯಿಸ್ ಯಿರಾಸೆಕ್ ಅಚ್ಚು ಹಾಕಿಸಿದ ಪುಸ್ತಕ. ‘ಗೈಡೇ ಬೇಡ, ಒಬ್ಬನೇ ಅಲೆದಾಡು’ ಎಂಬ ಇನ್ನೊಂದು ಪಂಗಡದ ಮಾತೂ ನನಗೆ ಒಪ್ಪಿಗೆಯಿಲ್ಲ. ಪುರಭವನದ ಮುಂದಿನ ಕಲ್ಲುಹಾಸಿನಲ್ಲಿ ಇಪ್ಪತ್ತೇಳು ಬಿಳಿ ಶಿಲುಬೆಗಳಿವೆ, 1621ರ ಜೂನ್ 21ರಂದು ಅಲ್ಲಿ ಪ್ರಾಣ ತೆತ್ತ ಬಂಡಾಯಗಾರರ ಗುರುತು. ಒಬ್ಬನೇ ಹೋಗಿದ್ದರೆ ತುಳಿದುಕೊಂಡು ಹೋಗುತ್ತಿದ್ದೆ. ಗೈಡ್ ನಿಲ್ಲಿಸಿ ತೋರಿಸಿದ, ಚೆನ್ನಾಗಿಯೇ ಹೇಳಿದ. ಅಷ್ಟು ಒಪ್ಪುತ್ತೇನೆ.

ಗಡಿಯಾರದ ಪಕ್ಕದಲ್ಲಿ ಹಣದ ಚೀಲ ಹಿಡಿದ ಬೊಂಬೆಯೊಂದಿದೆ. ‘ಜಿಪುಣ’ ಎಂದು ಗೈಡ್ ಮುಂದೆ ಹೋದ. ಅದು ಮೊದಲು ಯಹೂದಿ ಬಡ್ಡಿವ್ಯಾಪಾರಿಯ ಅಣಕ; ಗಡ್ಡ ತೆಗೆದದ್ದು ಯುದ್ಧದ ನಂತರ. ಅಲ್ಲಿಂದ ತಂಡ ನಡೆದದ್ದು ಯಹೂದಿ ಕೇರಿಗೆ. ಬೀದಿಯಲ್ಲಿ ನಿಂತು ಮಣ್ಣಿನ ಗೊಲೆಮ್‌ನ ಕತೆ ಕೇಳಿದೆವು. ಪಿಂಕಸ್ ಸಿನಗಾಗ್‌ನ ಒಳಗೋಡೆಗಳ ಮೇಲೆ ನಾಜಿಗಳು ಕೊಂದ ಸುಮಾರು 78,000 ಜನರ ಹೆಸರುಗಳಿವೆ. ಒಳಗೆ ಹೋಗಲು ಟಿಕೆಟ್ ಬೇಕು, ಆದ್ದರಿಂದ ಟೂರು ಹೊರಗೇ ಉಳಿಯುತ್ತದೆ.

ಗೈಡ್‌ಗಳನ್ನು ದೂರುತ್ತಿಲ್ಲ. ಕೊನೆಗೆ ಜೇಬಿಗೆ ಬೀಳುವುದನ್ನು ನಂಬಿ ದುಡಿಯುವವರು, ಕೇಳುಗರು ಆಕಳಿಸುವಂಥ ಮಾತನ್ನು ಯಾಕೆ ಆಡಿಯಾರು? ಓಲಾಡುವ ಬಳೆಗೆ ಟಿಪ್ಸ್ ಬೀಳುವುದಿಲ್ಲ, ಕಿತ್ತ ಕಣ್ಣಿಗೆ ಬೀಳುತ್ತದೆ. ಹೋಗುವವರು ಶಿಲುಬೆಗಳ ತನಕ ಜೊತೆಗಿರಿ, ಅಲ್ಲೇ ಧಾರಾಳವಾಗಿ ಟಿಪ್ಸ್ ಕೊಟ್ಟು ತಂಡ ಬಿಡಿ.