ಚಿಕೋರಿಯ ಪರ, ಕೋಲಾರದ ನೀರಿನ ಸಾಕ್ಷಿ

ಚಿಕೋರಿ ಎಂದರೆ ಮೂಗು ಮುರಿಯುವ ಪಂಥ ಕೋಲಾರಕ್ಕೂ ಬಂದಿದೆ. ಒಂದೇ ತೋಟದ ಅರೇಬಿಕಾ ಆಗಬೇಕು, ಹದವಾಗಿ ಹುರಿದಿರಬೇಕು, ಹಾಲು ಮುಟ್ಟಿಸಬಾರದು. ಉಳಿದದ್ದೆಲ್ಲ ಕಲಬೆರಕೆ ಎನ್ನುವುದು ಅವರ ವಾದ. ಈ ಅಂಕಣ ಅದನ್ನು ಹಿಂದೆ ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ.

ಹೇಳದೆ ಬೆರೆಸಿದರೆ ಕಲಬೆರಕೆ, ಹೇಳಿ ಬೆರೆಸಿದರೆ ಮಿಶ್ರಣ. ನಮ್ಮ ಕಾನೂನು ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕೆನ್ನುತ್ತದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಹುರಿದ ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ, ಆದರೆ ಬಣ್ಣವಿದೆ, ಮೈಕಟ್ಟಿದೆ. ಹಾಲು ಬಿದ್ದ ಮೇಲೂ ಡಿಕಾಕ್ಷನ್ ಸೋಲದಂತೆ ನಿಲ್ಲಿಸುವುದು ಅದೇ.

ಮಲೇಷ್ಯಾದ ಹಳೆಯ ಕಾಫಿ ಅಂಗಡಿಗಳನ್ನು, ಅಲ್ಲಿನವರ ಕೋಪಿತಿಯಾಮ್‌ಗಳನ್ನು, ಈ ಪಂಥದವರು ಒಮ್ಮೆ ನೋಡಿ ಬರಬೇಕು. ಅಲ್ಲಿ ರೋಬಸ್ಟಾ ಮತ್ತು ಲಿಬೆರಿಕಾ ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗಾಗುವವರೆಗೆ ಹುರಿಯುತ್ತಾರೆ. ಉದ್ದನೆಯ ಬಟ್ಟೆಚೀಲದಲ್ಲಿ ಶೋಧಿಸಿ, ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಕೊಡುತ್ತಾರೆ. ಜೊತೆಗೆ ತೆಂಗಿನಹಾಲು, ಮೊಟ್ಟೆಯ ಜಾಮ್ ಸವರಿದ ಟೋಸ್ಟ್. ಅಗ್ಗದ ಬೀಜದಿಂದ ದೇಶವೇ ಮೆಚ್ಚುವ ರುಚಿ ತೆಗೆಯುವುದು ಕಸಬುದಾರಿಕೆ, ಮೋಸವಲ್ಲ.

ಆ ಅಂಗಡಿಗಳನ್ನು ಬೆಳೆಸಿದವರಲ್ಲಿ ಹೆಚ್ಚಿನವರು ಚೀನಾದ ಹೈನಾನ್ ದ್ವೀಪದಿಂದ ಬಂದವರು. ಅವರಲ್ಲಿ ಹಲವರು ಬ್ರಿಟಿಷರ ಮನೆಗಳಲ್ಲಿ, ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದವರು. ನಮ್ಮ ಹೋಟೆಲುಗಳ ಕಥೆಯೂ ಹಾಗೇ ಇದೆ. ಉಡುಪಿ ಸೀಮೆಯಿಂದ ಬಂದು ಬೆಂಗಳೂರಿನ ಮನೆಗಳಲ್ಲಿ ಅಡುಗೆಗಿದ್ದ ಮಯ್ಯ ಸಹೋದರರು 1924ರಲ್ಲಿ ತೆರೆದದ್ದು ಬ್ರಾಹ್ಮಣರ ಕಾಫಿ ಕ್ಲಬ್. ಅದೇ ಮುಂದೆ ಎಂಟಿಆರ್ ಆಯಿತು. ಪರರ ಮನೆಯ ಒಲೆ ಮುಂದೆ ಕಲಿತ ಹದ ಬೀದಿಗೆ ಬಂದು ಎಲ್ಲರದಾಯಿತು.

ಇಷ್ಟಾದರೂ ಚಿಕೋರಿಯ ಪರ ಬಲವಾದ ಸಾಕ್ಷಿ ಬೇರೆಯೇ ಇದೆ: ನೀರು.

ಕೋಲಾರ ಜಿಲ್ಲೆಗೆ ಜೀವನದಿಯಿಲ್ಲ. ಹುತ್ತೂರು ಹೋಬಳಿಯಿರಲಿ, ಮಾಲೂರು, ಶ್ರೀನಿವಾಸಪುರ ಇರಲಿ, ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ. ಆಳದ ನೀರು ಗಡಸು. ಅದರಲ್ಲಿನ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ನುಂಗಿಹಾಕುತ್ತದೆ. ಹದವಾಗಿ ಹುರಿದ ಅರೇಬಿಕಾದ ಹೆಚ್ಚುಗಾರಿಕೆಯೆಲ್ಲ ಆ ಹಣ್ಣಿನಂಥ ಹುಳಿಯಲ್ಲೇ ಇರುವುದು. ಅದು ಹೋದರೆ ಲೋಟದಲ್ಲಿ ಉಳಿಯುವುದು ಬಿಸಿ ಕಂದು ನೀರು. ಕಪ್ಪಗೆ ಹುರಿದ ಬೀಜಕ್ಕೂ ಚಿಕೋರಿಗೂ ಆ ನಷ್ಟವಿಲ್ಲ. ಅವುಗಳ ಬಲ ಕಹಿ ಮತ್ತು ದಪ್ಪದಲ್ಲಿದೆ. ನೀರು ಬೇಡುವ ಪುಡಿ ಇದೇ ಎನ್ನಲು ಇನ್ನೇನು ಬೇಕು?

ಫ್ಲೋರೈಡ್ ಕಾಟದಿಂದ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದ ಮೇಲೆ ಅನೇಕ ಹೋಟೆಲುಗಳು ಕ್ಯಾನ್ ನೀರು ಬಳಸುತ್ತಿವೆ. ಆರೋಗ್ಯಕ್ಕೆ ಅದು ಸರಿ. ಆದರೆ ಲವಣವೆಲ್ಲ ತೆಗೆದ ನೀರಲ್ಲಿ ಡಿಕಾಕ್ಷನ್ ತೆಳ್ಳಗಿಳಿಯುತ್ತದೆ. ಒಳ್ಳೆಯ ಕಾಫಿ ಭಟ್ಟರು ಅದನ್ನರಿತು ಪುಡಿಯನ್ನು ಒಂದು ಚಮಚ ಹೆಚ್ಚಿಸುತ್ತಾರೆ.

ಬೆಳಗಿನ ಜಾವ ಹಳೆಯ ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ನಿಂತರೆ ಈ ಅರಿವು ಕಣ್ಣಿಗೇ ಕಾಣುತ್ತದೆ. ಒದ್ದೆ ಬಟ್ಟೆಯ ಮೇಲೆ ಪುಡಿ ಹರಡಿ, ಕುದಿನೀರನ್ನು ಮೊದಲು ಸೌಟಿನಷ್ಟೇ ಸುರಿದು ಪುಡಿ ಉಬ್ಬುವವರೆಗೆ ಕಾಯುತ್ತಾರೆ. ಉಳಿದ ನೀರು ಆಮೇಲೆ, ಸುತ್ತು ಸುತ್ತಾಗಿ. ಇಳಿದ ಡಿಕಾಕ್ಷನ್ ಪಾತ್ರೆ ಎಂದೂ ನೇರ ಉರಿಗೇರದು; ಬಿಸಿನೀರಿನ ಅಗಲ ತಪ್ಪಲೆಯೊಳಗೆ ಕೂರುತ್ತದೆ. ಡೇರಿಯ ಹೊಸ ಹಾಲು ಪಕ್ಕದಲ್ಲಿ ಕೆನೆ ಕಟ್ಟದಂತೆ ಕುದಿಯುತ್ತಿರುತ್ತದೆ. ‘ಎರಡು ಬೈಟು, ಒಂದು ಸ್ಟ್ರಾಂಗ್’ ಎಂಬ ಕೂಗು ಬಿದ್ದ ಮೇಲೇ ಎರಡೂ ಕೂಡುವುದು.

ಹಾಲು ಮತ್ತು ಡಿಕಾಕ್ಷನ್ ಮೊದಲೇ ಬೆರೆಸಿ ಫ್ಲಾಸ್ಕಿಗೆ ತುಂಬಿ, ಕಾಗದದ ಲೋಟಕ್ಕೆ ಬಗ್ಗಿಸುವ ಅಂಗಡಿಗಳು ಈ ಕ್ರಮವನ್ನು ಕೆಡಿಸುತ್ತಿವೆ. ಜಗಳವಾಡಬೇಕಾದ್ದು ಅವುಗಳ ಜೊತೆ. ಮುಳಬಾಗಿಲಿನಲ್ಲಿ ಕೆಂಪಗೆ ಬೆಂದ, ಒಳಗೆ ಮೆತ್ತಗಿರುವ ದಪ್ಪ ದೋಸೆ ತಿಂದವರು ಮೇಲೆ ಅಂಥ ಕಾಫಿ ಕುಡಿದರೆ ತುಪ್ಪದ ರುಚಿಯೂ ಹಾಳು.

ಅನುಮಾನವಿದ್ದವರು ಮನೆಯಲ್ಲೇ ನೋಡಬಹುದು. ಶುದ್ಧ ಕಾಫಿಯ ಪುಡಿ ಒಂದು ಫಿಲ್ಟರಿಗೆ, ಶೇ 20 ಚಿಕೋರಿಯದು ಇನ್ನೊಂದಕ್ಕೆ. ನೀರು, ಹಾಲು, ಅಳತೆ ಎರಡಕ್ಕೂ ಒಂದೇ. ಯಾವ ಲೋಟ ಮೊದಲು ಖಾಲಿಯಾಯಿತೆಂದು ಮುಂದಿನ ವಾರದೊಳಗೆ ಬರೆದು ಕಳಿಸಿದರೆ, ಬಟ್ಟೆ ಹೆಚ್ಚೋ ಹಿತ್ತಾಳೆ ಫಿಲ್ಟರ್ ಹೆಚ್ಚೋ ಎಂಬ ಬಾಕಿ ಚರ್ಚೆಯ ಜೊತೆಗೇ ಅದನ್ನೂ ಎತ್ತಿಕೊಳ್ಳಬಹುದು.