‘ಸಂಸ್ಕಾರ’: ಮಾತು, ಮೌನ ಮತ್ತು ಲೆಕ್ಕಾಚಾರ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಧರ್ಮ-ಕಾಮಗಳ ಸಂಘರ್ಷವೆಂದು, ಸಂಪ್ರದಾಯದ ಬಿಕ್ಕಟ್ಟೆಂದು ಓದುವುದು ರೂಢಿ. ತೀರ್ಥಹಳ್ಳಿ ಸೀಮೆಯ ಅಗ್ರಹಾರ ಜೀವನದ ಅನುಭವದಿಂದ ಮೂಡಿದ ಈ ಕೃತಿಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಒಬ್ಬರ ನಡೆ ಮತ್ತೊಬ್ಬರ ನಡೆಯನ್ನು ಅವಲಂಬಿಸಿರುವಾಗ ಮನುಷ್ಯರು ಏನನ್ನು ಆಡುತ್ತಾರೆ, ಏನನ್ನು ಮುಚ್ಚಿಡುತ್ತಾರೆ? ಅರ್ಥಶಾಸ್ತ್ರದ ಆಟದ ಸಿದ್ಧಾಂತ ಕೈಗೆತ್ತಿಕೊಂಡಿರುವುದೂ ಇದನ್ನೇ.

ಬಹಿಷ್ಕರಿಸಿದರೆ ಮುಸಲ್ಮಾನನಾಗುವೆನೆಂದು ನಾರಣಪ್ಪ ಬೆದರಿಸಿದ್ದರಿಂದ ದೂರ್ವಾಸಪುರ ಅವನನ್ನು ಹೊರಹಾಕಲಿಲ್ಲ. ನಂಬಿಕೆ ಹುಟ್ಟಿಸುವ ಬೆದರಿಕೆಯನ್ನು ಜಾರಿಗೊಳಿಸುವ ಅಗತ್ಯವೇ ಬೀಳದೆಂಬ, ಥಾಮಸ್ ಶೆಲ್ಲಿಂಗ್ 1960ರ ಗ್ರಂಥದಲ್ಲಿ ಚರ್ಚಿಸಿದ ತರ್ಕ ಇಲ್ಲಿ ಸ್ಪಷ್ಟವಾಗಿದೆ. ಅವನ ಮರಣಾನಂತರ ಚಂದ್ರಿ ಒಡವೆಗಳನ್ನು ಮುಂದಿಟ್ಟಾಗ ಲೆಕ್ಕ ಬದಲಾಗುತ್ತದೆ. ಸಂಸ್ಕಾರ ಮಾಡಿದವನಿಗೆ ಚಿನ್ನ. ಆದರೆ ಒಬ್ಬನೇ ಮುಂದಾದರೆ ಉಳಿದವರ ನಿಂದೆ. ಹಾಗಾಗಿ ಗರುಡ, ಲಕ್ಷ್ಮಣರಂಥವರು ಸಭೆಯಲ್ಲಿ ಶಾಸ್ತ್ರವನ್ನಾಡಿ, ಏಕಾಂತದಲ್ಲಿ ತಮಗೆ ಅನುಕೂಲವಾದ ತೀರ್ಪನ್ನು ಬಯಸುತ್ತಾರೆ.

ಹೇಳುವವನ ಹಿತ ಕೇಳುವವನ ಹಿತದಿಂದ ದೂರ ಸರಿದಷ್ಟೂ ಮಾತಿನಲ್ಲಿ ಉಳಿಯುವ ಮಾಹಿತಿ ಕಡಿಮೆಯಾಗುತ್ತದೆಂದು ಕ್ರಾಫರ್ಡ್ ಮತ್ತು ಸೊಬೆಲ್ 1982ರಲ್ಲಿ ಪ್ರತಿಪಾದಿಸಿದರು. ಪ್ರಾಣೇಶಾಚಾರ್ಯರ ಮಾತಿಗಿದ್ದ ಬೆಲೆ ಅವರ ಪಾಂಡಿತ್ಯದಷ್ಟೇ ಅವರ ನಿರಪೇಕ್ಷೆಯಿಂದಲೂ ಬಂದದ್ದು. ಚಂದ್ರಿಯ ಸಂಗದ ನಂತರ ಆ ಆಧಾರ ಕುಸಿದಿರುವುದನ್ನು ಅಗ್ರಹಾರ ಅರಿಯದು. ಆಚಾರ್ಯರು ಮಾತ್ರ ಅರಿತಿದ್ದಾರೆ. ಅವರ ಮೌನ ಏಕಕಾಲಕ್ಕೆ ವಂಚನೆಯೂ ಹೌದು, ತೀರ್ಪು ನೀಡುವ ಅರ್ಹತೆಯನ್ನು ತಾವಾಗಿ ಬಿಟ್ಟುಕೊಟ್ಟದ್ದೂ ಹೌದು.

ಇಂಥ ಸಾಮೂಹಿಕ ಮೌನವನ್ನು ಮುರಿದ ನಿದರ್ಶನ ನೆರೆಯ ಸಾಗರ ತಾಲ್ಲೂಕಿನ ಚರಿತ್ರೆಯಲ್ಲಿದೆ. ಗೇಣಿ ಅಳೆಯುವ ಕೊಳಗದ ಅನ್ಯಾಯ ಪ್ರತಿಯೊಬ್ಬ ಗೇಣಿದಾರನಿಗೂ ತಿಳಿದಿತ್ತು. 1951ರ ಕಾಗೋಡು ಸತ್ಯಾಗ್ರಹ ಅದನ್ನು ಎಲ್ಲರೂ ಎಲ್ಲರೆದುರು ಒಪ್ಪಿದ ಸತ್ಯವಾಗಿಸಿತು; ಒಂಟಿಯಾಗಿ ಮುಂದಾಗುವ ಭಯ ಅದರಿಂದ ಕುಗ್ಗಿತು. ದೂರ್ವಾಸಪುರಕ್ಕೆ ದಕ್ಕದೇ ಹೋದದ್ದು ಈ ಬಹಿರಂಗತೆಯೇ. ಅಲ್ಲಿ ಶವಕ್ಕೆ ಬೆಂಕಿ ಬಿದ್ದದ್ದು ಚಂದ್ರಿ ಮತ್ತು ಅಹಮದ್ ಬ್ಯಾರಿಯಿಂದ, ಅಗ್ರಹಾರಕ್ಕೆ ತಿಳಿಯದಂತೆ, ಇರುಳಿನಲ್ಲಿ.

ಆದರೆ ಈ ಓದಿಗೆ ಮಿತಿಯಿದೆ. ಸಿದ್ಧಾಂತದ ಸಾಮಾನ್ಯ ಮಾದರಿಗಳು ಆಟಗಾರನ ಬಯಕೆಗಳನ್ನು ಮೊದಲೇ ನಿಶ್ಚಿತವೆಂದು ಭಾವಿಸುತ್ತವೆ. ಅಗ್ರಹಾರದ ಮಟ್ಟಿಗೆ ಅದು ಸರಿಹೊಂದುತ್ತದೆ. ಆಚಾರ್ಯರ ವಿಷಯದಲ್ಲಿ ಬದಲಾಗುವುದು ನಡೆಯಲ್ಲ, ನಡೆಯುವ ವ್ಯಕ್ತಿ. ಯಾವ ಲಾಭಕ್ಕಾಗಿ ಸತ್ಯ ಹೇಳಬೇಕು ಎಂಬ ಲೆಕ್ಕ ನಿಂತ ಮೇಲೂ ಹೇಳಬೇಕೆಂಬ ಒತ್ತಡ ಅವರಲ್ಲಿ ಉಳಿಯುತ್ತದೆ. ಕಾದಂಬರಿಯ ನೈತಿಕ ಶಕ್ತಿ ಇರುವುದು ಅಲ್ಲಿ.